ಢಾಬಾ ಗೋಡೆಗಳ ಮೇಲಿನ ವಿಳಾಸ

ಝೆರಾಕ್ಸ್ ಮಷಿನ್ನಿಗೆ ಮನುಷ್ಯರ ಮುಖದ ಮೇಲೆ ಅದೇನು ಸಿಟ್ಟೋ ಗೊತ್ತಿಲ್ಲ. ಅಕ್ಷರವನ್ನು ಹೇಗೋ ಉಳಿಸುತ್ತದೆ, ಮುಖವನ್ನು ನುಂಗಿಬಿಡುತ್ತದೆ. ಮೊದಲ ಪ್ರತಿಯಲ್ಲಿ ಮೀಸೆಯಾದರೂ ಕಾಣುತ್ತಿತ್ತು. ಪ್ರತಿಯ ಪ್ರತಿ ತೆಗೆಯುತ್ತ ಹೋದಂತೆ ಮೀಸೆ, ಕೆನ್ನೆ, ಕಣ್ಣು ಎಲ್ಲ ಒಂದೇ ಕಪ್ಪು. ಕೌಂಟರಿನ ಆಚೆ ನಿಂತಿದ್ದ ಹೆಣ್ಣುಮಗಳು ಆ ಹಾಳೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ಅಕ್ಕಾ, ಇದು ಅವರಲ್ಲ. ಇದ್ಯಾರೋ ಬ್ಯಾರೆ ಮನಷ್ಯಾ ಆಗ್ಯಾನ" ಅಂದಳು.

ಅವಳ ಗಂಡ ಲಾರಿ ಡ್ರೈವರ್. ಹುಮನಾಬಾದಿನ ಗಂಜಿನಿಂದ, ಅಂದರೆ ಕಾಳಿನ ಮಾರುಕಟ್ಟೆಯಿಂದ, ತೊಗರಿ ಬೇಳೆ ತುಂಬಿಕೊಂಡು ಸೊಲ್ಲಾಪುರದ ಕಡೆ ಹೊರಟವನು ಉಮರ್ಗಾ ದಾಟಿದ ಮೇಲೆ ಲಾರಿ ರಸ್ತೆಬದಿಗೆ ಹಾಕಿ, ಕೀಲಿಕೈ ಅದರಲ್ಲೇ ಬಿಟ್ಟು ಇಳಿದು ಹೋಗಿದ್ದ. ಆಮೇಲೆ ಸುಳಿವಿಲ್ಲ. ಪೊಲೀಸರು ಬರೆದುಕೊಂಡರು, ಬಿಟ್ಟರು. ಆಗ ಬಸವಕಲ್ಯಾಣದ ಹಳೇ ಬಸ್‌ ನಿಲ್ದಾಣದ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಎರಡು ಕಂಪ್ಯೂಟರ್, ಒಂದು ಸ್ಕ್ಯಾನರ್, ಈ ಝೆರಾಕ್ಸ್ ಮಷಿನ್. ಲಗ್ನಪತ್ರಿಕೆ ಅಕ್ಷರ ಜೋಡಿಸುವುದು ಮುಖ್ಯ ಕೆಲಸ, ಅದರ ಜೊತೆಗೆ ಇಂಟರ್ನೆಟ್, ಅದರ ಜೊತೆಗೆ ಯಾರಾದರೂ ಕೇಳಿದರೆ ವೆಬ್‌ಸೈಟ್. ಎರಡು ಸಾವಿರದ ಆರು, ಏಳರ ಮಾತು. ವೆಬ್‌ಸೈಟ್ ಎಂದರೆ ನಮ್ಮೂರಲ್ಲಿ ಇನ್ನೂ ಜನ ಹುಬ್ಬು ಗಂಟಿಕ್ಕುತ್ತಿದ್ದ ಕಾಲ.

ಹಾಳೆಯಲ್ಲಿ ಮುಖ ನಿಲ್ಲದಿದ್ದರೆ ಬೇರೆ ಕಡೆ ನಿಲ್ಲಿಸೋಣ ಎಂದು ನನಗೆ ಹೊಳೆದಿದ್ದು ಆವಾಗಲೇ. ಪೋಸ್ಟರಿನಲ್ಲಿ ಚಹರೆಯ ವಿವರ ಬರೆಯುವುದು, ಬಲಗೈ ಮೇಲೆ ಚೇಳಿನ ಹಚ್ಚೆ ಇದೆ ಎಂದು ಬರೆಯುವುದು, ಕೆಳಗೆ ದಪ್ಪ ಅಕ್ಷರದಲ್ಲಿ 'ಮುಖ ಸ್ಪಷ್ಟ ನೋಡಲು ಈ ವಿಳಾಸ ತೆರೆಯಿರಿ' ಎನ್ನುವುದು. ಢಾಬಾದವರು ಕಂಪ್ಯೂಟರ್ ತೆರೆಯುತ್ತಾರೆಂದು ನಾನು ತಿಳಿದಿರಲಿಲ್ಲ, ಅಷ್ಟು ಹುಚ್ಚಿ ಅಲ್ಲ. ಆದರೆ ಹೆದ್ದಾರಿ ಮೇಲೆ ಆಸ್ಪತ್ರೆಗಳಿವೆ, ಅನಾಥಾಶ್ರಮಗಳಿವೆ, ಠಾಣೆಗಳಿವೆ. ಅಲ್ಲೆಲ್ಲ ಆಗಷ್ಟೇ ಒಂದೊಂದು ಕಂಪ್ಯೂಟರ್ ಬಂದು ಕೂತಿತ್ತು.

ಜಾಗ ಎಲ್ಲಿಯದು? ನನ್ನ ಹೆಸರಿನಲ್ಲಿ ಡೊಮೇನ್, ಅಂದರೆ ಇಂಟರ್ನೆಟ್ಟಿನಲ್ಲಿ ಸ್ವಂತ ವಿಳಾಸದ ಹೆಸರು, ಇರಲಿಲ್ಲ. ನಾನು ನೋಡಿಕೊಳ್ಳುತ್ತಿದ್ದ ಒಂದೇ ಹೋಸ್ಟಿಂಗ್ ಖಾತೆ ಹುಮನಾಬಾದಿನ ಒಂದು ಬೇಳೆ ಗಿರಣಿಯದು. ಗಂಜಿನಲ್ಲಿ ರೈತರ ಮಾಲನ್ನು ದಲ್ಲಾಳಿಗೆ ಮಾರಿಕೊಡುವ ಅಡತ್ ಅಂಗಡಿ, ಅದರ ಹಿಂದೆ ಗಿರಣಿ, ಅಣ್ಣ ತಮ್ಮ ಇಬ್ಬರು ಸಾವಕಾರರು. ದೊಡ್ಡ ಸಾವಕಾರರು ಹೈದರಾಬಾದಿನಲ್ಲಿ ಯಾರದೋ ವೆಬ್‌ಸೈಟ್ ನೋಡಿ ಬಂದು, ನಮಗೂ ಬೇಕು ಎಂದು ನನ್ನಿಂದ ಮಾಡಿಸಿದ್ದರು. ಒಂದು ಹೆಸರು ಕೊಂಡರೆ ಅದರ ಕೆಳಗೆ ಬೇಕಾದಷ್ಟು ಸಬ್‌ಡೊಮೇನ್ ಮಾಡಿಕೊಳ್ಳಬಹುದು ಎಂದು ನಾನು ಅವರಿಗೆ ಹೇಳಿದಾಗ, "ಅಂದ್ರ ನಮ್ಮ ಕಟ್ಟಿ ಇದ್ದಂಗ ಅನ್ರಿ" ಎಂದು ನಕ್ಕಿದ್ದರು.

ಇದಕ್ಕಿಂತ ಸರಿಯಾಗಿ ಸಬ್‌ಡೊಮೇನನ್ನು ನಾನೂ ವಿವರಿಸಲಾರೆ. ಗಂಜಿನಲ್ಲಿ ಪ್ರತಿ ಅಡತ್ ಅಂಗಡಿಯ ಮುಂದೆ ಒಂದು ಕಟ್ಟೆ ಇರುತ್ತದೆ. ಸ್ವಂತ ಅಂಗಡಿ ಇಲ್ಲದ ಸಣ್ಣ ವ್ಯಾಪಾರಿಗಳು ಆ ಕಟ್ಟೆಯ ಮೇಲೆ ಕೂತು, ಹಿಂದಿನ ಅಂಗಡಿಯ ಹೆಸರಿನ ಮೇಲೆ ತಮ್ಮ ವ್ಯವಹಾರ ನಡೆಸುತ್ತಾರೆ. ಯಾರೂ ಬಾಡಿಗೆ ಕೇಳುವುದಿಲ್ಲ. ಕಟ್ಟೆ ತುಂಬಿದ್ದರೆ ಅಂಗಡಿಗೆ ಶೋಭೆ. ದೊಡ್ಡ ಸಾವಕಾರರ ಹೆಸರಿನ ಕೆಳಗೆ ನಾನು ಅದೇ ಥರ ಒಂದು ಕಲ್ಯಾಣಮಂಟಪವನ್ನೂ ಒಂದು ಟ್ಯೂಷನ್ ಕ್ಲಾಸನ್ನೂ ಕೂರಿಸಿದ್ದೆ. ಡ್ರೈವರನ ಸಂಗತಿ ಹೇಳಿ, ಹೀಗೊಂದು ಪುಟ ಮಾಡಲೇ ಎಂದು ಫೋನಿನಲ್ಲಿ ಕೇಳಿದೆ. ಆ ಲಾರಿಯಲ್ಲಿದ್ದ ಬೇಳೆ ಇವರದೇ ಗಿರಣಿಯದು.

"ಮಾಲ್ ಪೂರಾ ಸಲಾಮತ್ ಮುಟ್ಟೇದ್ರಿ ಅಕ್ಕಾರ. ಒಂದ್ ಚೀಲ ಸೈತ ಹರದಿಲ್ಲ. ಒಯ್ದಾವನೇ ಇಲ್ಲ" ಅಂದರು. "ಹಾಕ್ರಿ. ನಮ್ಮ ಹೆಸರಿನ ತಳಗೇ ಹಾಕ್ರಿ."

ಕೆಲಸ ಸಣ್ಣದು. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಸಬ್‌ಡೊಮೇನ್ ಎಂಬಲ್ಲಿ ಒತ್ತಿದರೆ ಒಂದು ಖಾಲಿ ಚೌಕ ಬರುತ್ತದೆ. ಅದರಲ್ಲಿ 'ಡ್ರೈವರ್' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದೆ. ಪಕ್ಕದಲ್ಲಿ ಚುಕ್ಕಿ, ಚುಕ್ಕಿಯ ನಂತರ ಗಿರಣಿಯ ಹೆಸರು ತಾನಾಗೇ ಇರುತ್ತದೆ. ಒತ್ತಿದ ಕೂಡಲೆ ಸರ್ವರಿನಲ್ಲಿ ಅದೇ ಹೆಸರಿನ ಒಂದು ಫೋಲ್ಡರ್ ಹುಟ್ಟುತ್ತದೆ, ಆ ಹೆಸರು ಕೇಳಿ ಬಂದವರನ್ನು ಈ ಫೋಲ್ಡರಿಗೆ ಕಳಿಸಿ ಎಂಬ ದಾಖಲೆಯೂ ಸೇರುತ್ತದೆ. ಸಬ್‌ಡೊಮೇನ್ ಮಾಡದೆ, ಗಿರಣಿಯ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಒಂದು ಪುಟ ಸೇರಿಸಿದ್ದರೂ ನಡೆಯುತ್ತಿತ್ತು. ಆದರೆ ಓರೆಗೆರೆಯನ್ನು ಜನ ಅಂಕಿ ಒಂದು ಎಂದು ಓದುತ್ತಾರೆ, ಇಲ್ಲವೇ ಬಿಟ್ಟೇ ಬಿಡುತ್ತಾರೆ. ಚುಕ್ಕಿ ಎಲ್ಲರಿಗೂ ತಿಳಿಯುತ್ತದೆ.

ಅವಳ ಬಳಿ ಇದ್ದದ್ದು ಒಂದೇ ಬಣ್ಣದ ಫೋಟೋ, ತಂಗಿಯ ಮದುವೆಯಲ್ಲಿ ತೆಗೆದದ್ದು. ಅದನ್ನು ಸ್ಕ್ಯಾನ್ ಮಾಡಿ, ಅಕ್ಕಪಕ್ಕದವರನ್ನು ಕತ್ತರಿಸಿ, ಮುಖ ಒಂದನ್ನೇ ಪುಟದ ಮೇಲೆ ಕೂರಿಸಿದೆ. ಕೆಳಗೆ ನನ್ನ ಅಂಗಡಿಯ ಫೋನ್ ನಂಬರ್. ಪೋಸ್ಟರಿನ ಮೇಲೆ ಮಾತ್ರ ಲಾರಿ ಮಾಲೀಕನ ಆಫೀಸಿನ ನಂಬರ್ ಹಾಕಿದ್ದೆವು, ತಾನೇ ನೋಡಿಕೊಳ್ಳುತ್ತೇನೆ ಎಂದು ಅವನು ಹೇಳಿದ್ದ. ಅಂಥ ಮಾತಿಗೆ ಎಷ್ಟು ಬೆಲೆ ಎಂಬುದು ಮಳೆಗಾಲದ ಹೊತ್ತಿಗೆ ತಿಳಿಯಿತು. ಲಾರಿಗಳನ್ನೆಲ್ಲ ಮಾರಿ ಆಫೀಸು ಮುಚ್ಚಿಕೊಂಡು ಹೋದ ಪುಣ್ಯಾತ್ಮ. ಪೋಸ್ಟರಿನ ಮೇಲೆ ಜೀವಂತ ಉಳಿದದ್ದು ನಮ್ಮ ವಿಳಾಸವೊಂದೇ.

ಪೋಸ್ಟರ್ ಹಚ್ಚಿದವರು ಅವನ ಜೊತೆಯ ಡ್ರೈವರುಗಳು. ಪ್ರತಿ ಟ್ರಿಪ್ಪಿಗೆ ಒಂದು ಸುರುಳಿ, ಒಂದು ಡಬ್ಬಿ ಅಂಟು. ಜಹೀರಾಬಾದಿನಿಂದ ಹಿಡಿದು ಸಸ್ತಾಪುರ ಬಂಗ್ಲಾ, ಉಮರ್ಗಾ, ನಳದುರ್ಗ, ಸೊಲ್ಲಾಪುರ, ಅದರಾಚೆ ಪುಣೆಯವರೆಗೆ ಎಲ್ಲಿ ಊಟಕ್ಕೆ ಇಳಿದರೋ ಅಲ್ಲಿ ಹಚ್ಚಿದರು. ಎಲ್ಲೆಲ್ಲಿ ಹಚ್ಚಿದರು ಎಂದು ಅವರಿಗೇ ನೆನಪಿಲ್ಲ. ಆಮೇಲೆ ನನ್ನ ಎದೆಯ ಮೇಲೆ ಕಲ್ಲಾಗಿ ಕೂತದ್ದು ಇದೇ.

ಯುಗಾದಿಯಿಂದ ಮಳೆಗಾಲದ ಕೊನೆತನಕ ಪುಟ ಸರಿಯಾಗಿತ್ತು. ಎರಡು ಸಲ ಫೋನೂ ಬಂತು, ಎರಡೂ ಬೇರೆ ಯಾರೋ. ಅವಳು ಸಂತೆಯ ದಿನ ಬಂದು ಮುಂದಿನ ಕುರ್ಚಿಯಲ್ಲಿ ಕೂರುತ್ತಿದ್ದಳು. ನಾನು ಪುಟ ತೆರೆದು ತೋರಿಸುತ್ತಿದ್ದೆ. ಫೋಟೋ ಮೇಲಿನಿಂದ ಕೆಳಗೆ ನಿಧಾನ ಇಳಿಯುತ್ತಿತ್ತು, ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಕಣ್ಣು. ಪೂರ್ತಿ ಬಂದ ಮೇಲೆ ಅವಳು ಎದ್ದು ಹೋಗುತ್ತಿದ್ದಳು. ಮನೆಯಲ್ಲಿ ಅತ್ತೆ, ಮೈದುನ ಒಂದೇ ಪಾಠ ಹಚ್ಚಿದ್ದರು. ಅವನು ಇಲ್ಲ ಎಂದು ತಿಳಿದು ಕ್ರಿಯಾಕರ್ಮ ಮುಗಿಸಿಬಿಡೋಣ, ಬಳೆ ತೆಗೆಸೋಣ.

"ಫೋಟೋ ಇನ್ನೂ ಅದ ಅಲ್ಲಾ ಅಕ್ಕಾ? ಯಾರರ ನೋಡಾಕತ್ತಾರ ಅಲ್ಲಾ?" ಎಂದು ಕೇಳುತ್ತಿದ್ದಳು.

"ಅದ. ನೋಡಾಕತ್ತಾರ."

"ಹಂಗಾರ ನಾ ಬಳಿ ತಗಿಯಂಗಿಲ್ಲ."

ದಸರೆಗೆ ಮುಂಚೆ ರಸ್ತೆ ಅಗಲ ಮಾಡುವವರು ಬಂದು ನಮ್ಮ ಊರಿನ ಫೋನಿನ ಕೇಬಲ್ಲನ್ನು ಕಡಿದು ಹಾಕಿದರು. ಅಗೆಯುವವರಿಗೆ ಕೇಬಲ್ ಎಲ್ಲಿದೆ ಗೊತ್ತಿಲ್ಲ, ಕೇಬಲ್ಲಿನವರಿಗೆ ರಸ್ತೆ ಯಾವಾಗ ಅಗೆಯುತ್ತಾರೆ ಗೊತ್ತಿಲ್ಲ. ಫೋನ್ ಇಲ್ಲ, ಇಂಟರ್ನೆಟ್ ಇಲ್ಲ. ಹೋಗಿ ಜಗಳ ಆಡಿದೆ, ಅರ್ಜಿ ಕೊಟ್ಟೆ, ಮತ್ತೆ ಜಗಳ ಆಡಿದೆ. ಇವತ್ತು ಜೋಡಿಸುತ್ತೇವೆ, ನಾಳೆ ಜೋಡಿಸುತ್ತೇವೆ. ಅವಳು ಬಂದಾಗ ನಾನು ಸಮಾಧಾನ ಹೇಳಿದೆ. ಪುಟ ಇರುವುದು ಇಲ್ಲಲ್ಲ, ದೂರದ ಸರ್ವರಿನಲ್ಲಿ. ನಮ್ಮ ತಂತಿ ಕಡಿದರೆ ನಮಗೆ ಕಾಣುವುದಿಲ್ಲ, ಜಗತ್ತಿಗೆಲ್ಲ ಕಾಣುತ್ತಲೇ ಇರುತ್ತದೆ. ಮಾತು ತಾಂತ್ರಿಕವಾಗಿ ಪೂರ್ತಿ ಸರಿ. ಆ ದೀಪಾವಳಿ, ಎಳ್ಳಮಾವಾಸ್ಯೆ ಎಲ್ಲ ಹಾಗೇ ದಾಟಿದವು.

ಸಂಕ್ರಾಂತಿ ಕಳೆದು ಲೈನ್ ಬಂದ ಬೆಳಿಗ್ಗೆ ಮೊದಲು ತೆರೆದದ್ದು ಅವನ ಪುಟ. ಫೋಟೋ ಮೇಲಿನಿಂದ ಇಳಿಯತೊಡಗಿತು. ಹಳದಿ ಬಣ್ಣ. ಕೂದಲಲ್ಲ, ಹಣೆಯಲ್ಲ. ಒಂದು ಬೆಳ್ಳಿ ತಟ್ಟೆ, ಅದರ ತುಂಬ ತೊಗರಿ ಬೇಳೆ. ಮೇಲೆ ಓಡುವ ಅಕ್ಷರದಲ್ಲಿ ಗಿರಣಿಯ ಹೆಸರು, ಎಲ್ಲ ಗಿರಾಕಿಗಳಿಗೂ ಸ್ವಾಗತ.

ಬ್ರೌಸರ್ ಹಳೆಯದೇನನ್ನೋ ತೋರಿಸುತ್ತಿದೆ ಅಂದುಕೊಂಡು ಅದರ ನೆನಪೆಲ್ಲ ಅಳಿಸಿ ಮತ್ತೆ ತೆರೆದೆ. ಬೇಳೆ. ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೆ. ಬೇಳೆ. ಫೈಲುಗಳನ್ನೇ ಯಾರೋ ಅಳಿಸಿದ್ದಾರೆಂದು ಸರ್ವರಿಗೆ ನೇರ ಒಳಹೊಕ್ಕು ನೋಡಿದರೆ ಫೋಲ್ಡರ್ ಅಲ್ಲೇ ಇದೆ, ಫೋಟೋ ಅಲ್ಲೇ ಇದೆ. ಹೆಸರು ಬಿಟ್ಟು, ಸರ್ವರಿನ ಅಂಕಿಗಳ ವಿಳಾಸ ಹೊಡೆದು ಅದೇ ಫೋಲ್ಡರ್ ತೆರೆದೆ. ಅವನು ಬಂದ, ಮದುವೆ ಮನೆಯ ಅದೇ ಅರ್ಧ ನಗೆ. ಅಂದರೆ ಮನೆ ಇದ್ದಲ್ಲೇ ಇದೆ, ದಾರಿ ತೋರಿಸುವ ಕಲ್ಲನ್ನು ಯಾರೋ ಬೇರೆ ಕಡೆ ತಿರುಗಿಸಿದ್ದಾರೆ. ಡೊಮೇನಿನ ದಾಖಲೆ ತೆಗೆದು ನೋಡಿದೆ. ನೇಮ್‌ಸರ್ವರ್ ಬದಲಾಗಿತ್ತು. ಬದಲಾಗಿದ್ದು ದೀಪಾವಳಿಯ ಪಾಡ್ಯದ ದಿನ.

ಒಂದು ಹೆಸರಿನ ಕೆಳಗೆ ಯಾವ ಯಾವ ಸಬ್‌ಡೊಮೇನ್ ಇವೆ, ಯಾವುದು ಎಲ್ಲಿಗೆ ಹೋಗಬೇಕು ಎಂಬ ದಾಖಲೆಗಳು ನೇಮ್‌ಸರ್ವರಿನಲ್ಲಿರುತ್ತವೆ. ನೇಮ್‌ಸರ್ವರ್ ಬದಲಿಸಿದರೆ ಹಳೆಯ ದಾಖಲೆಗಳು ತಾವಾಗಿ ಹೊಸದಕ್ಕೆ ನಡೆದು ಹೋಗುವುದಿಲ್ಲ. ಯಾರಾದರೂ ಒಂದೊಂದಾಗಿ ಬರೆಯಬೇಕು. ಇಲ್ಲಿ ಯಾರೂ ಬರೆದಿರಲಿಲ್ಲ. ಬರೆಯದಿದ್ದರೆ ವಿಳಾಸ ತೆರೆಯುವುದೇ ಇಲ್ಲ, ಅದಾದರೂ ಒಂದು ಥರ ವಾಸಿ. ಇಲ್ಲಿ ಅದಕ್ಕಿಂತ ಕೆಟ್ಟದ್ದಾಗಿತ್ತು. ಹೊಸ ಕಡೆ ವೈಲ್ಡ್‌ಕಾರ್ಡ್ ಹಾಕಿದ್ದರು. ಗಿರಣಿಯ ಹೆಸರಿನ ಹಿಂದೆ ಚುಕ್ಕಿ ಇಟ್ಟು ನೀವು ಏನೇ ಬರೆಯಿರಿ, ಎಲ್ಲವೂ ಬೇಳೆಯ ತಟ್ಟೆಯ ಮುಂದೆ ತಂದು ನಿಲ್ಲಿಸುತ್ತದೆ. ದೀಪಾವಳಿಯಿಂದ ಆವತ್ತಿನವರೆಗೆ ಯಾವುದೋ ಆಸ್ಪತ್ರೆಯಲ್ಲಿ ಯಾರೋ ಕಾಳಜಿ ಇರುವ ಒಬ್ಬರು ಆ ವಿಳಾಸ ತೆರೆದಿದ್ದರೆ, ಅವರಿಗೆ ಸಿಕ್ಕಿದ್ದು ಬೇಳೆ.

ಹೊಸ ಡೊಮೇನ್ ಕೊಂಡು ಅದೇ ಪುಟ ಅಲ್ಲಿ ಹಾಕುವುದು ಒಂದು ಗಳಿಗೆಯ ಕೆಲಸ. ಅದರಿಂದ ಪ್ರಯೋಜನ? ಗೋಡೆಗಳ ಮೇಲಿರುವುದು ಹಳೆಯ ವಿಳಾಸ. ಯಾವ ಯಾವ ಗೋಡೆ ಎಂದು ಯಾರಿಗೂ ಗೊತ್ತಿಲ್ಲ. ಕೂಡಲೆ ಹುಮನಾಬಾದಿಗೆ ಫೋನ್ ಮಾಡಿದೆ.

ಫೋನ್ ಎತ್ತಿದವರು ದೊಡ್ಡ ಸಾವಕಾರರೇ. ಧ್ವನಿ ಇಳಿದಿತ್ತು. "ಪಾಲಾಗ್ಯಾವ್ರಿ ಅಕ್ಕಾರ. ಗಿರಣಿ, ಅಂಗಡಿ, ಬೋರ್ಡ್ ಎಲ್ಲಾ ತಮ್ಮಗ ಹೋಗ್ಯಾವ. ನನಗ ಹೊಲಾ. ಬೋರ್ಡಿನ ಮಾತಿನಾಗ ನಾ ಇನ್ನ ಬಾಯಿ ಹಾಕಂಗಿಲ್ಲ."

"ಡೊಮೇನ್‌ನೂ ಬೋರ್ಡಿನ ಲೆಕ್ಕದಾಗೇ ಹೋಯ್ತಾ ಸಾವಕಾರ್ರೆ?"

"ಹೌದಲ್ರಿ. ಹೆಸರು ಅಂದ್ರ ಬೋರ್ಡೇ ಅಲ್ಲಾ."

"ನನಗೊಂದ ಮಾತ ಹೇಳಬೇಕಿತ್ತಲ್ರಿ!"

"ಕಟ್ಟಿ ಮ್ಯಾಲಿನವ್ರಿಗಿ ಯಾರ ಹೇಳ್ತಾರ್ರಿ? ಅವ್ರೇ ಏಳ್ತಾರ."

ನನಗೆ ಆಗ ತಿಳಿಯಿತು. ಗಂಜಿನ ರೂಢಿ ಅದು. ಅಂಗಡಿಯ ಬೋರ್ಡು ಕೈ ಬದಲಾದರೆ ಪಾಡ್ಯದ ಪೂಜೆಗೆ ಮೊದಲೇ ಕಟ್ಟೆಯವರು ತಾವಾಗಿ ಎದ್ದು ಹೋಗುತ್ತಾರೆ. ಮಾಲೀಕ ಏಳಿ ಅನ್ನುವುದಿಲ್ಲ, ಅದು ಮರ್ಯಾದೆಯಲ್ಲ. ಕೂತವರು ಇರಲೇ ಎಂದು ಕೇಳುವುದಿಲ್ಲ, ಅದೂ ಮರ್ಯಾದೆಯಲ್ಲ. ಹೊಸ ಮಾಲೀಕನಿಗೆ ಬೇಕಾದವರನ್ನು ಅವನೇ ಕರೆದು ಕೈಗೆ ಒಂದು ತೆಂಗಿನಕಾಯಿ ಕೊಡುತ್ತಾನೆ. ಸಣ್ಣ ಸಾವಕಾರರು ಡೊಮೇನನ್ನೂ ಅದೇ ರೀತಿ ತೆಗೆದುಕೊಂಡಿದ್ದರು. ಬೋರ್ಡ್ ಬಂತು, ಹೈದರಾಬಾದಿನ ಯಾವನೋ ಒಬ್ಬನಿಗೆ ಪಾಡ್ಯಕ್ಕೆ ಸೈಟನ್ನು ಹೊಸದಾಗಿ ಕಟ್ಟು ಅಂದರು, ಅವನು ಕಟ್ಟಿದ. ಕಟ್ಟೆಯ ಮೇಲಿದ್ದವರು ಎದ್ದು ಹೋಗಿರುತ್ತಾರೆ ಎಂದು ಎಲ್ಲರೂ ತಿಳಿದರು. ಕಾಣೆಯಾದ ಮನುಷ್ಯ ಹೇಗೆ ಎದ್ದು ಹೋಗುತ್ತಾನೆ? ಅದನ್ನು ಯಾರೂ ಯೋಚಿಸಲಿಲ್ಲ.

ಮಾರನೆಯ ದಿನ ಬಸ್ಸು ಹತ್ತಿ ಹೋದೆ. ಸಣ್ಣ ಸಾವಕಾರರು ಕೆಟ್ಟವರಲ್ಲ. ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ಒಂದೇ ಒಂದು ದಾಖಲೆ ಸೇರಿಸಿದರೆ ಸಾಕು, ನಿಮ್ಮ ಸೈಟಿಗೆ ಏನೂ ಆಗುವುದಿಲ್ಲ ಎಂದೆ.

"ಕಲ್ಯಾಣಮಂಟಪದ್ದ ಬೇಕಾರ ಹಾಕಿಸ್ತೀನ್ರಿ, ಇವತ್ತೇ ಹಾಕಿಸ್ತೀನಿ. ಅದೊಂದ ಬ್ಯಾಡ್ರಿ" ಅಂದರು. "ಹೊಸಾ ಬೋರ್ಡ್ ಪೂಜಾ ಮಾಡೀವಿ. ಆ ಮನಷ್ಯಾ ನಮ್ಮ ಮಾಲ್ ಒಯ್ಯೂ ಮುಂದ ಕಾಣಿಯಾದಾವ, ಅಪಶಕುನ ಅದ. ಅವನ ಫೋಟೋ ನಮ್ಮ ಹೆಸರಿಗಿ ಕಟ್ಟಿಕೊಂಡ ಕುಂದ್ರೂದಂದ್ರ... ಮನ್ಯಾಗ ಒಪ್ಪಂಗಿಲ್ರಿ ಅಕ್ಕಾರ, ತಪ್ಪ ತಿಳೀಬ್ಯಾಡ್ರಿ."

ನನಗೆ ರೇಗಿತು. ಅವನು ನಿಮ್ಮ ಬೇಳೆಯನ್ನು ಮುಟ್ಟಲಿಲ್ಲ, ನಿಮ್ಮ ಬೇಳೆ ಅವನ ಜಾಗ ನುಂಗಿ ಕೂತಿದೆಯಲ್ಲ ಎಂದು ಬಾಯಿ ತುದಿಗೆ ಬಂತು. ಆಡಲಿಲ್ಲ. ಆಡಿದ್ದರೆ ಬಾಗಿಲು ಪೂರ್ತಿ ಮುಚ್ಚುತ್ತಿತ್ತು. ಚಹಾ ಕುಡಿಯದೆ ಎದ್ದು ಬಂದೆ, ಅಷ್ಟು ಮಾತ್ರ ಮಾಡಿದೆ.

ಅಂಗಡಿಗೆ ಬಂದು ಕೂತಾಗ ಇನ್ನೊಂದು ವಿಷಯ ನೆನಪಾಯಿತು. ಡೊಮೇನ್ ಕೊಂಡಾಗ ಖಾತೆ ತೆರೆದವಳು ನಾನು, ಪಾಸ್‌ವರ್ಡ್ ಇಟ್ಟವಳು ನಾನು. ದೊಡ್ಡ ಸಾವಕಾರರು ಅದನ್ನೇ ತಮ್ಮನಿಗೆ ಹೇಳಿರಬೇಕು. ಹೈದರಾಬಾದಿನವನು ನೇಮ್‌ಸರ್ವರ್ ಮಾತ್ರ ಬದಲಿಸಿ ಪಾಸ್‌ವರ್ಡ್ ಹಾಗೇ ಬಿಟ್ಟಿದ್ದರೆ? ಹೊಡೆದು ನೋಡಿದೆ. ತೆರೆಯಿತು. ಹಳೆಯ ನೇಮ್‌ಸರ್ವರಿನ ಎರಡು ಹೆಸರು ಬರೆದು ಒಂದು ಸಲ ಒತ್ತಿದರೆ ಡ್ರೈವರ್ ವಾಪಸ್ ಬರುತ್ತಾನೆ. ಗಿರಣಿಯ ಹೊಸ ಸೈಟು, ಅವರ ಇಮೇಲ್ ಟಪಾಲು ಎಲ್ಲ ನಿಂತುಹೋಗುತ್ತದೆ. ಹೋಗಲಿ, ಅನಿಸಿತು. ಎರಡೂ ಹೆಸರು ಬರೆದೆ. ಬೆರಳು ಮೌಸಿನ ಮೇಲಿತ್ತು.

ಒತ್ತಲಿಲ್ಲ. ಒಳ್ಳೆಯತನದಿಂದ ಅಲ್ಲ, ಲೆಕ್ಕ ಹಾಕಿ. ಅವರ ಸೈಟು ಬಿದ್ದ ಕೂಡಲೆ ಅವರು ಹೈದರಾಬಾದಿನವನಿಗೆ ಹೇಳುತ್ತಾರೆ, ಅವನು ಸಂಜೆಯೊಳಗೆ ತಿರುಗಿಸಿ, ಪಾಸ್‌ವರ್ಡ್ ಬದಲಿಸುತ್ತಾನೆ. ಆಮೇಲೆ ಆ ಬಾಗಿಲು ಎಂದೆಂದಿಗೂ ಇಲ್ಲ. ಒಂದು ದಿನ ಕಾಣಿಸಿ ಮತ್ತೆ ಕಾಣೆಯಾಗುವ ಪುಟ ಯಾರಿಗೆ ಬೇಕು? ಅವರ ಕೈಯಿಂದಲೇ ಆ ದಾಖಲೆ ಬರೆಸಬೇಕು, ಅದು ಉಳಿಯಬೇಕು. ಬರೆದದ್ದನ್ನು ಅಳಿಸಿ ಹೊರಬಂದೆ. ಸಂತೆಯ ದಿನ ಅವಳು ಬಂದಾಗ ಎಲ್ಲವನ್ನೂ ಹೇಳಿದೆ. ಬೇಳೆಯ ತಟ್ಟೆಯನ್ನೂ ತೋರಿಸಿದೆ.

ಅವಳು ಅಳಲಿಲ್ಲ. "ಯಾವಾಗಿಂದ ಹಿಂಗ ಅದ?" ಅಂದಳು.

"ದೀಪಾವಳಿಯಿಂದ."

"ಇಲ್ಲಿತನ ನಾ ಮನ್ಯಾಗ ಎಲ್ಲರ ಜೋಡಿ ಜಗಳಾಡಾಕತ್ತಿದ್ದೆ, ಫೋಟೋ ಅದ ಅಂತ."

ನಾನು ಬೇಳೆಯ ಪುಟ ಮುಚ್ಚಿದೆ. "ನಾಳೆ ನನ್ನ ಜೋಡಿ ಹುಮನಾಬಾದಿಗಿ ಬಾ. ಏನೂ ಮಾತಾಡಬ್ಯಾಡ. ಕಟ್ಟಿ ಮ್ಯಾಲ ಕುಂದರಬೇಕು, ಅಷ್ಟೇ" ಅಂದೆ.

ಬೆಳಿಗ್ಗೆ ಸೌದಾ ಶುರುವಾಗುವ ಮೊದಲೇ ಹೋಗಿ ಕೂತೆವು. ತೊಗರಿಯ ಸುಗ್ಗಿ, ಗಂಜಿನ ತುಂಬ ರಾಶಿ, ಧೂಳು. ಹಮಾಲರು ಚೀಲ ಹೊತ್ತುಕೊಂಡು ಹೋಗುವಾಗ ತಿರುಗಿ ನೋಡಿದರು. ಗಂಜಿನ ಕಟ್ಟೆಯ ಮೇಲೆ ಹೆಂಗಸರು ಕೂರುವುದಿಲ್ಲ. ಹರಾಜು ಕೂಗುವವನು ನಮ್ಮ ಮುಂದೆ ಬಂದು ಒಂದು ಕ್ಷಣ ಕೂಗುವುದನ್ನೇ ಮರೆತ. ಖರೀದಿದಾರರು ಗುಸುಗುಸು ಶುರು ಮಾಡಿದರು. ಸಣ್ಣ ಸಾವಕಾರರು ಸ್ಕೂಟರ್ ನಿಲ್ಲಿಸಿ ಇಳಿದವರು ನಮ್ಮನ್ನು ನೋಡಿ ಕೆಂಪಾದರು.

"ಇದೇನ್ರಿ ಅಕ್ಕಾರ? ಒಳಗ ಬರ್ರಿ, ಒಳಗ ಬರ್ರಿ."

"ಒಳಗ ಬರಂಗಿಲ್ರಿ. ಕಟ್ಟಿ ಮ್ಯಾಲ ಕುಂದ್ರಾಕ ಬಂದೇವಿ. ಏಳ್ರಿ ಅಂತ ನೀವೇ ಬಾಯಿಬಿಟ್ಟ ಹೇಳ್ರಿ, ಏಳ್ತೀವಿ."

ಇಡೀ ಗಂಜು ನೋಡುತ್ತಿರುವಾಗ ಆ ಮಾತನ್ನು ಅವರು ಆಡಲಾರರು, ಇದು ನನಗೆ ಗೊತ್ತಿತ್ತು. ಅದಕ್ಕೇ ಬಂದದ್ದು. ಸುಮ್ಮನಿರು ಎಂದಿದ್ದರೂ ಅವಳು ಬಾಯಿ ತೆರೆದಳು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಮೆಲ್ಲಗೆ ಅಂದಳು:

"ಸಾವಕಾರ್ರೆ, ನಿಮಗ ಅಪಶಕುನ ಆಗಬಾರದ್ರಿ. ನಿಮ್ಮ ಗಿರಣಿ ಚಲೋ ನಡೀಲಿ. ಆದ್ರ ಅವರು ಹೋಗ್ಯಾರಂತ ನನಗಿನ್ನಾ ಯಾರೂ ಹೇಳಿಲ್ರಿ. ನೋಡ್ರಿ, ಬಳಿ ಹಾಕ್ಕೊಂಡೇನಿ." ಎರಡೂ ಕೈ ಮುಂದೆ ಹಿಡಿದಳು. "ನಿಮ್ಮ ಹೆಸರಿನ ತಳಗ ಇಷ್ಟ ಜಾಗಾ. ಅವರು ಸಿಗೂತನಾ."

ಸಾವಕಾರರು ಅವಳ ಕೈಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಒಳಗೆ ಹೋದರು. ದೇವರ ಪಟದ ಮುಂದಿನ ಬುಟ್ಟಿಯಿಂದ ಒಂದು ತೆಂಗಿನಕಾಯಿ ತಂದು ಅವಳ ಉಡಿಗೆ ಹಾಕಿದರು. "ಕುಂದರವ್ವಾ" ಅಂದರು, ಅಷ್ಟೇ. ಆಮೇಲೆ ನನ್ನನ್ನು ಒಳಗೆ ಕರೆದು, ಹೈದರಾಬಾದಿಗೆ ಫೋನ್ ಹಚ್ಚಿ ರಿಸೀವರ್ ನನ್ನ ಕೈಗೆ ಕೊಟ್ಟರು.

ಹೈದರಾಬಾದಿನವನು ಹಿಂದಿಯಲ್ಲಿ ಮಾತಾಡಿದ, ಮರ್ಯಾದಸ್ಥ. ದಾಖಲೆಯ ಬಗೆ, ಹೆಸರು, ನನ್ನ ಸರ್ವರಿನ ಅಂಕಿಗಳು, ಒಂದೊಂದಾಗಿ ಹೇಳಿ ಎರಡು ಸಲ ಓದಿಸಿದೆ. ಒಂದು ಹೆಸರಿಗೆ ಸ್ವಂತ ದಾಖಲೆ ಇದ್ದರೆ ವೈಲ್ಡ್‌ಕಾರ್ಡ್ ಅದನ್ನು ಮುಟ್ಟುವುದಿಲ್ಲ, ಹಾಗಾಗಿ ಉಳಿದದ್ದೆಲ್ಲ ಅವನ ಇಷ್ಟದಂತೇ ಇರಲಿ ಎಂದೆ. ವೈಲ್ಡ್‌ಕಾರ್ಡ್ ಯಾಕೆ ಹಾಕಿದಿರಿ ಎಂದು ಕೇಳದೆ ಇರಲಾಗಲಿಲ್ಲ. ಯಾರು ಏನು ತಪ್ಪು ಹೊಡೆದರೂ ಒಬ್ಬ ಗಿರಾಕಿಯೂ ದಾರಿ ತಪ್ಪಬಾರದಲ್ಲ ಮೇಡಂ ಅಂದ.

ಒಮ್ಮೆಗೇ ಸರಿಯಾಗಲಿಲ್ಲ. ಅವನು ಅಂಕಿಗಳಲ್ಲಿ ಒಂದನ್ನು ತಪ್ಪಿ ಬರೆದಿದ್ದ, ಪುಟ ಯಾವುದೋ ಅಪರಿಚಿತ ಸರ್ವರಿನ ಬಾಗಿಲಿಗೆ ಹೋಗಿ ನಿಂತಿತು. ಮತ್ತೆ ಫೋನ್, ಮತ್ತೆ ತಿದ್ದುಪಡಿ, ಹೊಸ ದಾಖಲೆ ಎಲ್ಲ ಕಡೆ ಹರಡುವವರೆಗೆ ಮತ್ತೆ ಕಾಯುವುದು. ಶಿವರಾತ್ರಿಯ ಆಸುಪಾಸಿನಲ್ಲಿ ಒಂದು ಮಧ್ಯಾಹ್ನ ವಿಳಾಸ ಹೊಡೆದರೆ ಮೇಲಿನಿಂದ ಕಪ್ಪು ಕೂದಲು ಇಳಿಯಿತು. ನಾನು ಎದ್ದು ನಿಂತುಬಿಟ್ಟೆ. ಅಂಗಡಿಯಲ್ಲಿದ್ದ ಗಿರಾಕಿಗಳಿಗೆಲ್ಲ ಚಹಾ ತರಿಸಿದೆ. ಯಾಕೆ ಎಂದು ಕೇಳಿದವರಿಗೆ ಸುಮ್ಮನೆ ಕುಡಿಯಿರಿ ಅಂದೆ.

ಫೋನ್ ಬಂದದ್ದು ಯುಗಾದಿಗೆ ಸ್ವಲ್ಪ ಮುಂಚೆ. ಸೊಲ್ಲಾಪುರದ ಹತ್ತಿರದ ಒಂದು ನಿರಾಶ್ರಿತರ ಮನೆಯ ಮೇಲ್ವಿಚಾರಕರು. ಆ ಕಡೆಯ ಬಹಳ ಜನರಂತೆ ಕನ್ನಡ, ಮರಾಠಿ ಎರಡನ್ನೂ ಕೂಡಿಸಿ ಆಡುತ್ತಿದ್ದರು.

"ಬಾಯಿ, ಇದು ಖರೇ ಆ ಡ್ರೈವರಂದೇ ಪಾನ್ ಏನ್ರಿ? ಮೊದಲೊಮ್ಮೆ ತಗದಾಗ ದಾಳ ಬಂದಿತ್ತು."

ಪಾನ್ ಅಂದರೆ ಪುಟ, ದಾಳ ಅಂದರೆ ಬೇಳೆ. "ಯಾವಾಗ ತಗದಿದ್ರಿ?"

"ದೀಪಾವಳಿ ಆದ ಮ್ಯಾಲ್ರಿ." ಅವರು ನಿಧಾನವಾಗಿ ಹೇಳಿದರು. ರಸ್ತೆಯಲ್ಲಿ ಅಲೆಯುತ್ತಿದ್ದ ಒಬ್ಬನನ್ನು ದೀಪಾವಳಿಯ ಹೊತ್ತಿಗೆ ಅವರ ಮನೆಗೆ ತಂದು ಬಿಟ್ಟಿದ್ದರು. ತಲೆಗೆ ಹಳೆಯ ಪೆಟ್ಟು, ಬಲಗೈ ಮೇಲೆ ಚೇಳಿನ ಹಚ್ಚೆ, ಮಾತಿಲ್ಲ, ಹೆಸರು ಗೊತ್ತಿಲ್ಲ. ಢಾಬಾದಲ್ಲಿ ಚಹಾ ಕುಡಿಯುವಾಗ ಗೋಡೆಯ ಮೇಲಿನ ಪೋಸ್ಟರ್ ನೋಡಿದರಂತೆ, ಚೇಳಿನ ಹಚ್ಚೆ ಓದಿದರಂತೆ. ಚೇಳಿನ ಹಚ್ಚೆ ಬಹಳ ಜನಕ್ಕೆ ಇರುತ್ತದೆ, ಪೋಸ್ಟರಿನಲ್ಲಿ ಮುಖ ಕರಿ. ನಂಬರಿಗೆ ಫೋನ್ ಮಾಡಿದರೆ ಹತ್ತಲಿಲ್ಲ. ವಿಳಾಸ ತೆರೆದರೆ ಬೇಳೆ. "ಯಾವುದೋ ಕಂಪನಿಯವ್ರು ಜಾಹೀರಾತಿಗಿ ಹಿಂಗ ಪೋಸ್ಟರ್ ಹಚ್ಯಾರ ಅಂದ್ಕೊಂಡೇವ್ರಿ. ನಮಗ ಭಾಳ ಸಿಟ್ಟ ಬಂತು." ಮೊನ್ನೆ ಅದೇ ಢಾಬಾದಲ್ಲಿ ಅದೇ ಪೋಸ್ಟರ್ ಮತ್ತೆ ಕಣ್ಣಿಗೆ ಬಿದ್ದು, ಮನಸ್ಸು ತಡೆಯದೆ ಇನ್ನೊಮ್ಮೆ ತೆರೆದು ನೋಡಿದ್ದರು.

"ಈಗ ಎಲ್ಲಿ ಅದಾನ್ರಿ?" ಅಂದೆ. ಉತ್ತರ ಏನೆಂದು ಅವರ ಧ್ವನಿಯಲ್ಲೇ ಇತ್ತು, ಆದರೂ ಕೇಳಿದೆ.

"ಎಳ್ಳಮಾವಾಸ್ಯೆ ಥಂಡಿ ತಡಕೊಳ್ಳಲಿಲ್ರಿ. ಜ್ವರಾ ಬಂದು ಹೋದ. ಸರಕಾರದ ಕಡಿಂದನೇ ಎಲ್ಲಾ ಮಾಡಿಸಿದೇವಿ."

ನಾವು ಹೋದೆವು. ಅವಳು, ಅವಳ ಮೈದುನ, ನಾನು. ಮೇಲ್ವಿಚಾರಕರು ಒಂದು ಫೋಟೋ ತೋರಿಸಿದರು, ಒಂದು ಅಂಗಿ ತಂದಿಟ್ಟರು. ಮೈದುನ ಗೋಡೆಗೆ ಹಣೆ ಹಚ್ಚಿ ಅತ್ತ. ಅವಳು ಫೋಟೋ ನೋಡಿ ತಲೆ ಆಡಿಸಿದಳು.

"ದೀಪಾವಳಿಗಿ ಇದ್ದರಾ?" ಎಂದು ಕೇಳಿದಳು.

"ಇದ್ರವ್ವಾ."

"ಉಣತಿದ್ದರಾ?"

"ಉಣತಿದ್ರು. ದಾಳ ಅನ್ನ ಅಂದ್ರ ಖುಷಿ ಇತ್ತು."

ನಾನು ಹೊರಗೆ ಬಂದುಬಿಟ್ಟೆ. ಯಾರ ಮೇಲೆ ಸಿಟ್ಟು ಮಾಡಲಿ? ಕೇಬಲ್ ಕಡಿದವರ ಮೇಲೆಯೇ, ಗಿರಾಕಿ ದಾರಿ ತಪ್ಪಬಾರದು ಎಂದವನ ಮೇಲೆಯೇ, ಕಟ್ಟೆಯ ಮರ್ಯಾದೆಯ ಮೇಲೆಯೇ? ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗೇ ಮಾಡಿದ್ದರು. ಆ ಮನೆಯ ಅಂಗಳದಲ್ಲಿ ನಿಂತು ನಾನು ನಾಚಿಕೆ ಬಿಟ್ಟು ಅತ್ತೆ.

ಹುಮನಾಬಾದಿಗೆ ಫೋನ್ ಮಾಡಿ ಸಣ್ಣ ಸಾವಕಾರರಿಗೆ ತಿಳಿಸಿದೆ, ಬೇಳೆಯ ಪುಟದ ಸಂಗತಿಯನ್ನೂ ಮುಚ್ಚಿಡಲಿಲ್ಲ. "ಆ ಜಾಗಾ ಹಂಗೇ ಇರಲ್ರಿ ಅಕ್ಕಾರ. ನಾ ಇರೂತನಾ ಯಾರೂ ತಗಿಯಂಗಿಲ್ಲ" ಎಂದು ಅವರು ಫೋನ್ ಇಟ್ಟುಬಿಟ್ಟರು.

ಅವಳು ಬಂದದ್ದು ಕರ್ಮ ಎಲ್ಲ ಮುಗಿದ ಮೇಲೆ, ಸಂತೆಯ ದಿನವೇ. ಬಳೆಯಿಲ್ಲದ ಬರಿಗೈ. ಮುಂದಿನ ಕುರ್ಚಿಯಲ್ಲಿ ಕೂತಳು. ಪುಟ ತೆಗೆದುಹಾಕಲು ಹೇಳಲು ಬಂದಿರಬೇಕು ಎಂದು ನಾನೇ ಮೆಲ್ಲಗೆ ಅಂದೆ, "ಇನ್ನ ಬಂದ್ ಮಾಡಲೇನವ್ವಾ?"

"ಬ್ಯಾಡ ಅಕ್ಕಾ." ಅವಳು ಪರದೆಯ ಮೇಲಿನ ಮುಖ ನೋಡುತ್ತಲೇ ಹೇಳಿದಳು. "ಕಾಗದ ಇನ್ನಾ ಗ್ವಾಡಿ ಮ್ಯಾಲ ಅವಲ್ಲಾ. ಯಾರರ ಪುಣ್ಯಾತ್ಮರು ಇನ್ನಾ ಹುಡುಕತಿರ್ತಾರ. ಅವರಿಗಿ ಹೇಳು, ಸಿಕ್ಕಾರ, ಇನ್ನ ಹುಡುಕೂದು ಸಾಕು ಅಂತ."

ಕಾಣೆಯಾಗಿದ್ದಾರೆ ಎಂಬ ಸಾಲು ಅಳಿಸಿ ಅದನ್ನೇ ಬರೆದೆ. ಕನ್ನಡದಲ್ಲಿ ಒಮ್ಮೆ, ಹಿಂದಿಯಲ್ಲಿ ಒಮ್ಮೆ. ಕೊನೆಗೆ ಶರಣು ಎಂದು ಸೇರಿಸು ಅಂದಳು, ಸೇರಿಸಿದೆ. ಫೈಲ್ ಸರ್ವರಿಗೆ ಏರಿಸಿ, ವಿಳಾಸ ಹೊಡೆದು ತೆರೆದು ತೋರಿಸಿದೆ. ಕೂದಲು, ಹಣೆ, ಕಣ್ಣು. ಪೂರ್ತಿ ಬರುವವರೆಗೆ ಕೂತಿದ್ದು, ಎಂದಿನಂತೆ ಎದ್ದು ಹೋದಳು.